ಹುಲಿಗವ್ವ ಕಾಯ್ದ ನಾಲ್ಕು ಆಡುಗಳು

ಕುಷ್ಟಗಿಯ ದನದ ದವಾಖಾನೆಯಲ್ಲಿ ಹುಲಿಗವ್ವನಿಗೆ ಸಿಕ್ಕ ಕೆಲಸ ಎಂಥದೆಂದು ಕೇಳಿದವರು ಮೊದಲು ನಕ್ಕುಬಿಡುತ್ತಿದ್ದರು. ನಾಲ್ಕು ಆಡುಗಳನ್ನು ಸಾಕಬೇಕು, ದಿನಾ ಅವುಗಳ ಬೆನ್ನು ಕೆರೆಯಬೇಕು, ಕೆರೆಯುವಾಗ ಅವುಗಳ ತುಟಿ ನೋಡಬೇಕು, ನೋಡಿದ್ದನ್ನು ಬಂದು ಹೇಳಬೇಕು. ಅಷ್ಟೇ. ಆ ಕೆಲಸ ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು. ಅದು ಮುಗಿಯುವ ಹೊತ್ತಿಗೆ ನಗುವವರು ಯಾರೂ ಉಳಿದಿರಲಿಲ್ಲ, ಹುಲಿಗವ್ವನಿಗೆ ತವರುಮನೆಯೂ ಉಳಿದಿರಲಿಲ್ಲ.

ಅವಳು ಕುರಿ ಕಾಯುವ ಹಾಲುಮತದವರ ಮಗಳು. ಕುಷ್ಟಗಿಯಿಂದ ಎರಡು ಹರದಾರಿ ದೂರದ ಹಳ್ಳಿ. ಕಿನ್ನಾಳದ ಕಡೆ ಕೊಟ್ಟಿದ್ದರು. ಮದುವೆಯಾದ ಏಳನೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ, ಮಕ್ಕಳಿರಲಿಲ್ಲ. ಅಣ್ಣ ಮಾರೆಪ್ಪ ಬಂಡಿ ಕಟ್ಟಿಕೊಂಡು ಹೋಗಿ ಕರೆತಂದ. ಅಂದಿನಿಂದ ಹದಿನೈದು ವರ್ಷ ಅವಳು ಅಣ್ಣನ ಮನೆಯಲ್ಲಿ ಉಣ್ಣೆ ನೂಲುತ್ತ, ತಾಯಿ ಸತ್ತ ಮರಿಗಳಿಗೆ ಹಾಲು ಕುಡಿಸುತ್ತ, ಅತ್ತಿಗೆ ಫಕೀರಮ್ಮನ ಬಾಣಂತನ ಮಾಡುತ್ತ ಇದ್ದಳು. ಅತ್ತಿಗೆ ನಾದಿನಿ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ನೂರಿಪ್ಪತ್ತು ಕುರಿಗಳಲ್ಲಿ ಯಾವುದು ಕೆಮ್ಮಿತೆಂದು ಗೋಡೆಯ ಈಚೆ ಕೂತೇ ಹೇಳಬಲ್ಲವಳು ಹುಲಿಗವ್ವ. ಮಾರೆಪ್ಪ ಅದನ್ನು ಊರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಸಾವಿರದ ಒಂಬೈನೂರ ಮೂವತ್ನಾಲ್ಕರಲ್ಲಿ ಮಾರೆಪ್ಪ ಕುಕನೂರು ಸಂತೆಯಿಂದ ಒಂದು ಟಗರು ತಂದ. ಬೆಳ್ಳಗೆ, ದಪ್ಪ ಉಣ್ಣೆಯ ಪ್ರಾಣಿ. ಬಳ್ಳಾರಿ ಕಡೆಯ ಯಾರೋ ಬಿಳಿ ದೊರೆಯ ಬಂಗಲೆಯಲ್ಲಿ ಬೆಳೆದದ್ದು, ವಿಲಾಯತಿ ತಳಿ ಎಂದು ಮಾರಿದವನು ಹೇಳಿದ್ದನಂತೆ. ಅದರ ಮರಿಗಳ ಉಣ್ಣೆಯಲ್ಲಿ ನೇಯ್ದ ಕಂಬಳಿ ಚುಚ್ಚುತ್ತಿರಲಿಲ್ಲ. ನೋಡಲು ಬಂದವರೆಲ್ಲ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು. ಮೂರು ವರ್ಷ ಹಟ್ಟಿ ತುಂಬಿತು.

ನಾಲ್ಕನೇ ವರ್ಷ ಮೂವತ್ತೇಳರಲ್ಲಿ, ಆ ಟಗರಿಗೆ ಹುಟ್ಟಿದ ಕುರಿಯೊಂದು ಹಟ್ಟಿಯ ಬೇಲಿಗೆ ಮೈ ತಿಕ್ಕತೊಡಗಿತು. ಮೊದಲು ಸ್ವಲ್ಪ, ಆಮೇಲೆ ಬಿಟ್ಟೂ ಬಿಡದೆ. ಪಕ್ಕೆಯ ಉಣ್ಣೆ ಉದುರಿ ಬರಿ ಚರ್ಮ ಕಂಡಿತು. ನಡೆಯುವಾಗ ಹಿಂಗಾಲು ತೂರಾಡುತ್ತಿದ್ದವು. ಮಾರೆಪ್ಪ ಕಜ್ಜಿಯೆಂದು ತಂಬಾಕಿನ ನೀರು ಹಾಕಿದ, ಬೇವಿನೆಣ್ಣೆ ಹಚ್ಚಿದ. ಮೂರು ತಿಂಗಳಲ್ಲಿ ಅದು ಎಲುಬಿನ ಗೂಡಾಗಿ ಸತ್ತಿತು. ಅದರ ಹಿಂದೆ ಎರಡನೆಯದೂ ಹೋಯಿತು, ಮೂರನೆಯದು ತಿಕ್ಕತೊಡಗಿತು.

ಕಜ್ಜಿ ಅಲ್ಲವೆಂದು ಹುಲಿಗವ್ವನಿಗೆ ಗೊತ್ತಾದದ್ದು ಆಕಸ್ಮಿಕವಾಗಿ. ಮೂರನೆಯ ಕುರಿಯ ಬಾಲದ ಬುಡದಲ್ಲಿ ಏನಾದರೂ ಹುಳು ಕೂತಿದೆಯೇ ಎಂದು ಉಗುರಿನಿಂದ ಕೆದರಿ ನೋಡುತ್ತಿದ್ದಳು. ಕುರಿ ತಲೆ ಎತ್ತಿ, ಬಾಯಲ್ಲಿ ಏನೂ ಇಲ್ಲದೆ ತುಟಿ ಚಪ್ಪರಿಸತೊಡಗಿತು. ಕೈ ತೆಗೆದಳು, ನಿಂತಿತು. ಮತ್ತೆ ಕೆರೆದಳು, ಮತ್ತೆ ಚಪ್ಪರಿಸಿತು. ಒಳ್ಳೆಯ ಕುರಿಗಳನ್ನು ಒಂದೊಂದಾಗಿ ಹಿಡಿದು ಕೆರೆದು ನೋಡಿದಳು. ಅವು ಸುಮ್ಮನೆ ನಿಂತವು. ಮೈ ತಿಕ್ಕಲು ಇನ್ನೂ ಶುರುಮಾಡದ ಒಂದು ಕುರಿ ಮಾತ್ರ ತುಟಿ ಆಡಿಸಿತು. ಹದಿನೈದು ದಿನದಲ್ಲಿ ಅದೂ ಬೇಲಿಗೆ ಹೋಯಿತು.

ಮಾರನೆಯ ದಿನ ಅವಳು ಆ ಮೂರನೆಯ ಕುರಿಗೆ ಹಗ್ಗ ಕಟ್ಟಿಕೊಂಡು, ಅದು ಬಿದ್ದಲ್ಲಿ ಎತ್ತಿಕೊಂಡು, ಕುಷ್ಟಗಿಯ ದವಾಖಾನೆಗೆ ನಡೆದು ಬಂದಳು.

ಅಲ್ಲಿಯ ಡಾಕ್ಟರು ದೇವೇಂದ್ರಪ್ಪ ಕುಕನೂರಿನ ವ್ಯಾಪಾರಸ್ಥರ ಮಗ, ಇನ್ನೂ ಮೂವತ್ತು ತುಂಬಿರದವರು. ಅವಳ ಮಾತು ಕೇಳಿ ಅವರೇ ಕುರಿಯ ಬೆನ್ನು ಕೆರೆದರು. ಕುರಿ ತುಟಿ ಚಪ್ಪರಿಸಿತು. ಅವರು ಎದ್ದು ಕೈ ಸಹ ತೊಳೆಯದೆ ಕಪಾಟಿನಿಂದ ದಪ್ಪನೆಯ ಪುಸ್ತಕ ತೆಗೆದು ನಿಂತಲ್ಲೇ ಓದಿದರು.

"ಇದನ್ನ ನಿನಗ ಯಾರು ಹೇಳಿಕೊಟ್ರು ಹುಲಿಗವ್ವ?"

"ಯಾರೂ ಹೇಳಿಲ್ರಿ ಸಾಹೇಬ್ರ. ಕುರಿನ ಹೇಳ್ತು."

"ವಿಲಾಯತಿ ಒಳಗ ಇದಕ್ಕ ಸ್ಕ್ರೇಪಿ ಅಂತಾರ. ಮೈ ತಿಕ್ಕೊಳ್ಳೋ ಬ್ಯಾನಿ. ನಮ್ಮ ಸೀಮ್ಯಾಗ ಐತಿ ಅಂತ ನಾ ಎಲ್ಲೂ ಓದಿಲ್ಲ. ಇದು ಚರ್ಮದ ಬ್ಯಾನಿ ಅಲ್ಲವ್ವ, ತಲಿ ಒಳಗಿಂದು. ಖರೇನೋ ಸುಳ್ಳೋ ನೋಡಬೇಕಂದ್ರ ಮೆದುಳು ತಗದು ನೋಡಬೇಕು."

"ಮದ್ದು ಐತೇನ್ರಿ?"

"ಇಲ್ಲ," ಎಂದರು ಡಾಕ್ಟರು. ಸುತ್ತಿಬಳಸಿ ಹೇಳಲಿಲ್ಲ. ಹುಲಿಗವ್ವನಿಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಒಂದು ಮಾತಿನಿಂದ.

ಕುರಿಯನ್ನು ಕೊಂದು ಅದರ ತಲೆಯನ್ನು ಒಡೆದವನು ಕಂಪೌಂಡರ್ ಶಬ್ಬೀರಸಾಬ. ಚಿಕ್ಕ ಗರಗಸದಿಂದ ಬುರುಡೆಯನ್ನು ಸುತ್ತ ಕೊಯ್ದು, ಒಳಗಿನದಕ್ಕೆ ಒಂದು ಗೀರೂ ತಾಗದಂತೆ, ತೆಂಗಿನಕಾಯಿಯಿಂದ ಕೊಬ್ಬರಿ ಬಿಡಿಸಿದ ಹಾಗೆ ತೆಗೆದ. ಡಾಕ್ಟರು ಅದರ ಅರ್ಧವನ್ನು ಔಷಧಿ ನೀರು ತುಂಬಿದ ಬರಣಿಯಲ್ಲಿ ಇಳಿಸಿ, ಬಿರಡೆಗೆ ಅರಗು ಹಾಕಿ, ಹೈದರಾಬಾದಿನ ಪ್ರಯೋಗಶಾಲೆಗೆ ಕಳಿಸಿದರು. ಉಳಿದರ್ಧವನ್ನು ಕೆಡದಂತೆ ಗ್ಲಿಸರಿನ್‌ನಲ್ಲಿ ಇಟ್ಟುಕೊಂಡರು.

ಏಳು ವಾರಕ್ಕೆ ಉತ್ತರ ಬಂತು. ಮೆದುಳನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದಾರೆ. ನರದ ಕಣಗಳಲ್ಲಿ ಗುಳ್ಳೆಗಳಂಥ ತೂತುಗಳಿವೆ. ಪುಸ್ತಕದಲ್ಲಿರುವ ಚಿತ್ರದ ಹಾಗೇ ಇದೆ. ಆದರೆ ಒಂದು ಕುರಿಯ ತೂತು ನೋಡಿ ತೀರ್ಪು ಹೇಳುವುದು ಆಗದು, ಬೇರೆ ಕಾರಣಕ್ಕೂ ಹಾಗಾಗುತ್ತದೆ. ಫ್ರಾನ್ಸ್ ದೇಶದ ಇಬ್ಬರು ವೈದ್ಯರು ರೋಗದ ಕುರಿಯ ಮೆದುಳನ್ನು ಅರೆದು ಒಳ್ಳೆಯ ಕುರಿಗೆ ಚುಚ್ಚಿ, ಒಂದೂವರೆ ಎರಡು ವರ್ಷದ ಮೇಲೆ ರೋಗ ಹುಟ್ಟಿದ್ದನ್ನು ಕಂಡಿದ್ದಾರಂತೆ. ಅದೊಂದೇ ಖಾತ್ರಿಯಾದ ಪರೀಕ್ಷೆ. ಅಷ್ಟು ಕಾಲ ಪ್ರಾಣಿ ಇಟ್ಟುಕೊಳ್ಳಲು ನಮ್ಮಲ್ಲಿ ಜಾಗವಿಲ್ಲ, ನಿಮ್ಮಲ್ಲಿ ಆದರೆ ಮಾಡಿ ನೋಡಿ.

ಈಗ ಇಂಥ ರೋಗಗಳಿಗೆ ಕಾರಣ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಎನ್ನುತ್ತಾರೆ, ಅದನ್ನು ಪತ್ತೆಹಚ್ಚಲು ಕೆಲವು ತಾಸು ಸಾಕಂತೆ. ಅಂದು ಆ ಹೆಸರೇ ಹುಟ್ಟಿರಲಿಲ್ಲ. ಕಾಯುವುದೇ ಪರೀಕ್ಷೆಯಾಗಿತ್ತು.

ದೇವೇಂದ್ರಪ್ಪ ಗಂಗಾವತಿ ಕಡೆಯಿಂದ, ಮಾರೆಪ್ಪನ ಕುರಿಗಳ ನೆರಳೂ ತಾಗದ ಊರಿನಿಂದ, ಕುರಿಯಾದರೆ ರೋಗ ಮೊದಲೇ ಅಡಗಿದ್ದೀತೆಂದು ನಾಲ್ಕು ಎಳೆಯ ಹೆಣ್ಣಾಡುಗಳನ್ನು ತರಿಸಿದರು. ಮಾರೆಪ್ಪನ ಹಟ್ಟಿಗೆ ಹೋಗಿ, ಫಲಿತಾಂಶ ಬರುವವರೆಗೆ ಒಂದು ಕುರಿಯನ್ನೂ ಮಾರಬಾರದು, ಬೇರೆಯವರ ಹಿಂಡಿನೊಡನೆ ಬೆರೆಸಬಾರದು ಎಂದು ಹೇಳಿಬಂದರು. ಆಡುಗಳನ್ನು ನೋಡಿಕೊಳ್ಳಲು ಹುಲಿಗವ್ವನೇ ಬೇಕೆಂದೂ ಕೇಳಿದರು.

"ಹೋಗು ತಂಗಿ," ಎಂದ ಮಾರೆಪ್ಪ. "ನಮ್ಮವರದೊಂದು ಕಣ್ಣು ಅಲ್ಲಿದ್ರ ಛಲೋ ಆತು."

ಮೂವತ್ತೆಂಟರ ಸಂಕ್ರಾಂತಿ ಕಳೆದ ವಾರ ಡಾಕ್ಟರು ಬಾಗಿಲು ಹಾಕಿಕೊಂಡು ಒಬ್ಬರೇ ಆ ನಾಲ್ಕಕ್ಕೂ ಸೂಜಿ ಹಾಕಿದರು. ಮೂರಕ್ಕೆ ರೋಗದ ಕುರಿಯ ಮೆದುಳಿನ ರಸ, ಒಂದಕ್ಕೆ ಒಳ್ಳೆಯ ಕುರಿಯದು. ಯಾವುದಕ್ಕೆ ಯಾವುದೆಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗು ಒತ್ತಿ, ಶಬ್ಬೀರಸಾಬನ ಕೈಯಲ್ಲಿ ಔಷಧಿ ಕಪಾಟಿನೊಳಗೆ ಇಡಿಸಿದರು.

"ನನಗೂ ಹೇಳೂದಿಲ್ಲೇನ್ರಿ?" ಎಂದು ಹುಲಿಗವ್ವ ಕೇಳಿದಳು.

"ನಿನಗಂತೂ ಹೇಳೂದಿಲ್ಲ. ಗೊತ್ತಿದ್ರ ಕಣ್ಣು ತನಗ ಬೇಕಾದ್ದನ್ನ ನೋಡತೈತಿ. ಇನ್ನೊಂದು, ಇವಕ್ಕ ಹೆಸರಿಡಬ್ಯಾಡ. ಆಮ್ಯಾಲ ನಿನಗ ತ್ರಾಸ ಆಗತೈತಿ."

ನಾಲ್ಕನೇ ದಿನಕ್ಕೆ ಅವಳು ಹೆಸರಿಟ್ಟಾಗಿತ್ತು. ಕೆಂಪು ಬಣ್ಣದ್ದು ಕೆಂಚಿ. ಕಿವಿಯ ಮೇಲೆ ಬಿಳಿ ಮಚ್ಚೆಯಿದ್ದದ್ದು ಚುಕ್ಕಿ. ಕರ್ರಗಿದ್ದದ್ದು ಕರೆವ್ವ. ನಾಲ್ಕನೆಯದು ಯಾರನ್ನೂ ಲೆಕ್ಕಕ್ಕೆ ಇಡದೆ, ಮೇವು ಹಾಕಿದರೂ ಉಪಕಾರ ಮಾಡಿದಂತೆ ನಿಧಾನವಾಗಿ ಬರುತ್ತಿತ್ತು, ಅದಕ್ಕೆ ಗೌಡತಿ ಎಂದಳು.

ದವಾಖಾನೆಯ ಹಿಂದಿನ ಕೋಣೆ ಅವಳ ಮನೆಯಾಯಿತು. ಬೆಳಗಾದರೆ ಆಡುಗಳ ಬೆನ್ನು ಕೆರೆಯುವುದು, ಮೈಯ ಕೂದಲು ಸರಿಸಿ ನೋಡುವುದು, ಅಂಗಳದ ಉದ್ದಕ್ಕೂ ನಡೆಸಿ ಹಿಂಗಾಲು ನೋಡುವುದು. ಆಮೇಲೆ ಹೋಗಿ ಶಬ್ಬೀರಸಾಬನ ಮೇಜಿನ ಮುಂದೆ ನಿಲ್ಲುವಳು. "ತಿಂದಾವ. ಕುಡದಾವ. ಕೆರಕೊಂಡಿಲ್ಲ. ತುಟಿ ಅಲುಗಿಲ್ಲ," ಎನ್ನುವಳು. ಅವನು ಆಗಿನ ಸರಕಾರಿ ಭಾಷೆಯಾದ ಉರ್ದುವಿನಲ್ಲಿ ರಿಜಿಸ್ಟರಿಗೆ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿಕೊಳ್ಳುವನು. ಹೆಂಗಸೊಬ್ಬಳು ಹೇಳಿದ್ದನ್ನು ದಿನಾ ಸರಕಾರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆಂಬುದು ಅವಳಿಗೆ ಬಹಳ ದಿನ ವಿಚಿತ್ರವಾಗಿ ತೋರುತ್ತಿತ್ತು. ಮಾತನ್ನು ತೂಗಿ ಹೇಳುವುದು ಅವಳಿಗೆ ರೂಢಿಯಾದದ್ದು ಅಲ್ಲಿ.

ಊರಲ್ಲಿ ಅವಕ್ಕೆ ವಿಷದ ಆಡು ಎಂದು ಹೆಸರು ಬಿತ್ತು. ನೀರಿಗೆ ಹೋದಾಗ ಹೆಂಗಸರು ಕೊಡ ಸರಿಸಿಕೊಂಡು ನಿಲ್ಲುತ್ತಿದ್ದರು. ಆದರೂ ಆಸೆಪಡುವವರು ಇದ್ದೇ ಇದ್ದರು. ಒಂದು ಸಲ ದೊಡ್ಡವರ ಮನೆಯ ಆಳೊಬ್ಬ ಬಂದು, ಸಾಹೇಬರು ಊರಲ್ಲಿಲ್ಲ, ಹಬ್ಬಕ್ಕೆ ಒಂದು ಆಡು ಕೊಡು ಎಂದು ಹಗ್ಗಕ್ಕೆ ಕೈ ಹಾಕಿದ. ಶಬ್ಬೀರಸಾಬ ಒಳಗಿನಿಂದ ರಿಜಿಸ್ಟರು ತಂದು ಅವನ ಮೂಗಿನ ಮುಂದೆ ಹಿಡಿದ.

"ಒಯ್ಯಪ್ಪ. ಒಯ್ಯೂಕಿಂತ ಮೊದಲ ಇಲ್ಲಿ ಹೆಬ್ಬೆಟ್ಟು ಒತ್ತು. ತಿಂದ ಮ್ಯಾಲ ನಿನ್ನ ತಲಿನೂ ನಾನ ಕೊಯ್ದು ಹೈದರಾಬಾದಿಗೆ ಕಳಿಸಬೇಕು."

ಆಳು ಹಗ್ಗ ಬಿಟ್ಟು ನಡೆದ. ಹುಲಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಶಬ್ಬೀರಸಾಬ ಅದೇ ಮೊದಲು ನೋಡಿದ್ದು.

ಮೂವತ್ತೊಂಬತ್ತರ ಬೇಸಿಗೆಯಲ್ಲಿ ದೇವೇಂದ್ರಪ್ಪನವರಿಗೆ ರಾಯಚೂರಿಗೆ ವರ್ಗವಾಯಿತು. ಹೊಸ ಡಾಕ್ಟರಿಗೆ ಎರಡು ತಾಲೂಕು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಆಡುಗಳ ವಿಷಯ ಕೇಳುವವರು ಯಾರೂ ಇರಲಿಲ್ಲ. ಆದರೂ ಹುಲಿಗವ್ವ ಬೆನ್ನು ಕೆರೆಯುವುದನ್ನೂ ಶಬ್ಬೀರಸಾಬ ಬರೆಯುವುದನ್ನೂ ಬಿಡಲಿಲ್ಲ. ಆಡುಗಳು ಬೆಳೆದು ದುಂಡಗಾದವು. ಅವಳಿಗೆ ಒಳಗೊಳಗೇ ಧೈರ್ಯ ಬರತೊಡಗಿತು.

ನಲವತ್ತರ ಶಿವರಾತ್ರಿ ಮುಗಿದ ಮೇಲೆ, ಒಂದು ಬೆಳಗ್ಗೆ ಕೆಂಚಿಯ ಬೆನ್ನಿನ ಮೇಲೆ ಕೈಯಾಡಿಸುವಾಗ ಅದು ಮೂತಿ ಮೇಲೆತ್ತಿತು. ತುಟಿ ಅಲುಗಿದವು.

ಅವಳ ಕೈ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ ಮತ್ತೆ ಕೆರೆದಳು. ಕೆಂಚಿ ಕಣ್ಣು ಅರೆಮುಚ್ಚಿ ಚಪ್ಪರಿಸಿತು, ತಾಯಿಯ ಮೊಲೆ ನೆನೆದ ಮರಿಯ ಹಾಗೆ.

ಮೇಜಿನ ಮುಂದೆ ಹೋಗಿ ನಿಂತಾಗ ಅವಳ ಬಾಯಿಂದ ಎಂದಿನ ಮಾತೇ ಬಂತು. "ತಿಂದಾವ. ಕುಡದಾವ. ತುಟಿ ಅಲುಗಿಲ್ಲ." ಹೆಬ್ಬೆಟ್ಟು ಒತ್ತಿದಳು.

ಅದೇ ದಿನ ಮಧ್ಯಾಹ್ನ ಮಾರೆಪ್ಪ ಬಂದ. ಮುಖ ಅರಳಿತ್ತು. ಹೋದ ವರ್ಷ ಸತ್ತದ್ದು ನಾಲ್ಕೇ ಕುರಿ, ಬ್ಯಾನಿ ಹೊರಟುಹೋಯಿತೆಂದ. ಗಂಗಾವತಿ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಐದು ಮನೆಯವರು ಒಟ್ಟಾಗಿ ಹೊರಡುತ್ತಿದ್ದಾರೆ, ಎರಡು ವರ್ಷದಿಂದ ನಾನೊಬ್ಬನೇ ಊರಲ್ಲಿ ಕೊಳೆಯುತ್ತಿದ್ದೇನೆ, ಈ ಸಲ ಆಡು ಚೆನ್ನಾಗಿವೆ ಎಂದು ಬರೆಸಿ ನನ್ನನ್ನು ಬಿಡಿಸು ಎಂದ.

ಹುಲಿಗವ್ವ ಅವನನ್ನು ಅಂಗಳಕ್ಕೆ ಕರೆದೊಯ್ದು ಕೆಂಚಿಯ ಬೆನ್ನು ಕೆರೆದು ತೋರಿಸಿದಳು.

ಮಾರೆಪ್ಪ ಬಹಳ ಹೊತ್ತು ನೋಡಿದ. "ಹೇನು ಆಗ್ಯಾವ," ಎಂದ.

"ನಿನಗೂ ಗೊತ್ತು, ಹೇನಲ್ಲ ಅಣ್ಣ."

"ಹುಲಿಗಿ, ಯಾರಿಗೆ ಹೇಳೀದಿ?"

"ಇನ್ನೂ ಯಾರಿಗೂ ಹೇಳಿಲ್ಲ."

"ಮತ್ತ ಹೇಳಬ್ಯಾಡ." ಅವನ ದನಿ ಇಳಿಯಿತು. "ಒಂದು ತಿಂಗಳು ಸುಮ್ಮನಿರು. ನಾ ಗದ್ದಿಗೆ ಹೋಗಿ ಬರ್ತೀನಿ. ಕುರಿ ಕಡಿಸಿಬಿಡ್ತಾರ ಇವರು. ನಮ್ಮಪ್ಪ ಕೊಟ್ಟ ಹಿಂಡು ಅದು. ಬಂಡಿ ಕಟಗೊಂಡು ಹೋಗಿ ನಿನ್ನ ಕರಕೊಂಡು ಬಂದಾಂವ ನಾ, ಮರತಿಯೇನು?"

ಅವನು ಹೋದ ಮೇಲೆ ಅವಳು ಕೆಂಚಿಯ ಮೈಯನ್ನು ತಂಬಾಕಿನ ನೀರಿನಲ್ಲಿ ತೊಳೆದಳು, ಬೇವಿನೆಣ್ಣೆ ತಿಕ್ಕಿದಳು. ಒಂದೇ ಒಂದು ಹೇನು ಸಿಗಲೆಂದು ಬಿಸಿಲಿನಲ್ಲಿ ಕೂತು ಕೂದಲು ಬಿಡಿಸಿ ಹುಡುಕಿದಳು. ಮಾರನೆಯ ದಿನವೂ ಮೇಜಿನ ಮುಂದೆ ಅದೇ ಸುಳ್ಳು ಹೇಳಿದಳು. ಶಬ್ಬೀರಸಾಬ ಬರೆದುಕೊಂಡ, ತಲೆ ಎತ್ತಿ ಅವಳನ್ನು ನೋಡಿದ, ಹೆಬ್ಬೆಟ್ಟಿನ ಮಸಿ ಮುಂದೆ ಸರಿಸಿದ.

ಅಣ್ಣನ ಋಣ ಅವಳಿಗೆ ಮರೆತಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗಲೂ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ಗದ್ದೆಯ ಬದುವಿನಲ್ಲಿ ಒಟ್ಟಿಗೆ ಮಲಗಿದ ಐದು ಮನೆಯ ಕುರಿಗಳು. ಆ ಐದು ಮನೆಗಳ ಹೆಂಗಸರನ್ನೂ ಅವಳು ಬಲ್ಲಳು. ಒಬ್ಬಳ ಹಟ್ಟಿಯಲ್ಲಿ ಇದ್ದದ್ದೇ ಹದಿನೆಂಟು ಕುರಿ.

ಮೂರನೆಯ ಬೆಳಗ್ಗೆ ಶಬ್ಬೀರಸಾಬ ಲೇಖನಿ ಎತ್ತಿಕೊಂಡಾಗ ಅವಳು ಹೇಳಿದಳು. "ಕೆಂಚಿ ತುಟಿ ಆಡಸಾಕತ್ತೈತ್ರಿ ಸಾಬ್ರ. ಇವತ್ತು ಗ್ವಾಡಿಗೆ ಮೈನೂ ತಿಕ್ಕೇತಿ. ಶುರು ಆಗಿ ಮೂರು ದಿನ ಆತು. ಮೊನ್ನಿ, ನಿನ್ನಿ ನಾ ಸುಳ್ಳ ಹೇಳೀನಿ. ಅದನ್ನೂ ಬರೀರಿ."

"ಅದನ್ನ ಯಾಕ ಬರೀಲಿ ಹುಲಿಗವ್ವ? ಇವತ್ತಿಂದ ಅಂತ ಬರದ್ರ ಸಾಕಲ್ಲ."

"ಬ್ಯಾಡ್ರಿ. ಇದ್ದದ್ದ ಇದ್ದಂಗ ಬರೀರಿ."

ಅವನು ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು. ಶಬ್ಬೀರಸಾಬ ಅವತ್ತೇ ಹೊಸ ಡಾಕ್ಟರಿಗೆ ತಿಳಿಸಿ, ರಾಯಚೂರಿಗೂ ಕಾಗದ ಹಾಕಿದ. ಮಾರೆಪ್ಪನ ಹಿಂಡು ಹಳ್ಳಿ ಬಿಟ್ಟು ಕದಲಬಾರದೆಂದು ಹುಕುಮು ಹೋಯಿತು. ಐದು ಮನೆಯವರು ಅವನನ್ನು ಬಿಟ್ಟು ಹೊರಟರು.

ದೇವೇಂದ್ರಪ್ಪ ರಜೆ ಹಾಕಿ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಕೆಂಚಿ ಎದ್ದು ನಿಲ್ಲಲಾರದೆ ಹೋಗಿತ್ತು. ಕರೆವ್ವ ಗೋಡೆಗೆ ತಿಕ್ಕಿ ತಿಕ್ಕಿ ಹುಣ್ಣಾಗಿತ್ತು. ಚುಕ್ಕಿಯ ನಡೆಯಲ್ಲಿ ತೂರಾಟ ಕಂಡಿತ್ತು.

ಡಾಕ್ಟರು ಲಕೋಟೆ ಒಡೆಯುವ ಮೊದಲು ಅವಳನ್ನು ಕರೆದರು. "ನೀ ಹೇಳು ಹುಲಿಗವ್ವ. ಯಾವುದಕ್ಕ ಬ್ಯಾನಿ ಇಲ್ಲ?"

"ಗೌಡತಿಗ್ರಿ. ಅಕಿಗೆ ಏನೂ ಇಲ್ಲ."

ಹೆಸರು ಕೇಳಿ ಡಾಕ್ಟರು ಅವಳ ಮುಖ ನೋಡಿದರು, ಬಯ್ಯಲಿಲ್ಲ. ಅರಗು ಒಡೆದು ಚೀಟಿ ಬಿಡಿಸಿದರು. ಓದಿ ಶಬ್ಬೀರಸಾಬನ ಕೈಗೆ ಕೊಟ್ಟರು. ಒಳ್ಳೆಯ ಕುರಿಯ ರಸ ಹಾಕಿಸಿಕೊಂಡದ್ದು ಗೌಡತಿಯೊಂದೇ.

"ಹೈದರಾಬಾದಿನವರು ನೋಡೂಕಿಂತ ಮೊದಲ ನೀ ನೋಡಿಬಿಟ್ಟಿ," ಎಂದರು ದೇವೇಂದ್ರಪ್ಪ. ಆ ಮಾತು ಹೇಳುವಾಗ ಅವರು ಸಂತೋಷಪಟ್ಟಂತೆ ಕಾಣಲಿಲ್ಲ.

ಮೂರು ಆಡುಗಳನ್ನು ಅಂದೇ ಮುಗಿಸಿದರು. ಕೆಂಚಿಯ ತಲೆಯನ್ನು ಹುಲಿಗವ್ವ ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಡಾಕ್ಟರು ಬೇಡವೆಂದರೂ ಏಳಲಿಲ್ಲ. ಗೌಡತಿಯ ಮೆದುಳನ್ನೂ ಹೋಲಿಸಿ ನೋಡಲು ಕಳಿಸಬೇಕೆಂದು ಮೇಲಿನವರ ಅಪ್ಪಣೆಯಿತ್ತು, ಅದನ್ನೂ ಮರುದಿನ ಮುಗಿಸಿದರು. ನಾಲ್ಕು ಬರಣಿಗಳಿಗೂ ಉತ್ತರ ಒಟ್ಟಿಗೆ ಬಂತು: ಮೂರರಲ್ಲಿ ತೂತು, ಒಂದರಲ್ಲಿ ಇಲ್ಲ.

ವಿಲಾಯತಿ ಟಗರನ್ನೂ ಅದರ ಸಂತತಿಯನ್ನೂ, ಅವುಗಳ ಜೊತೆ ಒಂದೇ ಕಡೆ ಈದ ಕುರಿಗಳನ್ನೂ ಕೊಂದು ಸುಣ್ಣ ಹಾಕಿ ಹೂಳಿದರು. ನಾಡತಳಿಯ ಹಳೆಯ ಕುರಿ ಮೂವತ್ತೊಂದು ಉಳಿದವು, ಅವನ್ನೂ ಬೇರೆಯಾಗಿಯೇ ಇಡಬೇಕೆಂದರು. ಹುಲಿಗವ್ವ ಅಂದು ಹಳ್ಳಿಗೆ ಹೋಗಿದ್ದಳು. ಮಾರೆಪ್ಪ ಹಟ್ಟಿಯ ಬಾಗಿಲಲ್ಲಿ ನಿಂತಿದ್ದ, ಅವಳನ್ನು ಒಳಗೆ ಬಿಡಲಿಲ್ಲ.

"ನನ್ನ ಪಾಲಿಗೆ ನೀ ಕಿನ್ನಾಳದಾಗ ಸತ್ತಿ ಅಂತ ತಿಳಕೋತೀನಿ," ಎಂದ. ಅವನ ಹಿಂದೆ ಫಕೀರಮ್ಮ ಅಳುತ್ತಿದ್ದಳು.

ಹುಲಿಗವ್ವ ದವಾಖಾನೆಗೆ ಮರಳಿದಳು. ಅಲ್ಲಿ ಅವಳನ್ನು ಕಾಯಂ ಆಗಿ ಇಟ್ಟುಕೊಂಡರು. ಕಾಲು ಮುರಿದ ಎತ್ತು, ಕೆಚ್ಚಲು ಬಾತ ಎಮ್ಮೆ, ಹುಚ್ಚುನಾಯಿ ಕಚ್ಚಿದ ಆಕಳು ಬರುತ್ತಿದ್ದವು. ಯಲಬುರ್ಗಾದ ಕಡೆಯ ಕುರಿಗಾರರು ಕೂಡ ಕುರಿ ಕೊಳ್ಳುವ ಮೊದಲು ಅವಳಿಗೆ ತೋರಿಸಿಕೊಂಡು ಹೋಗುವುದು ರೂಢಿಯಾಯಿತು. ಹಳ್ಳಿಯ ದಾರಿಯಲ್ಲಿ ಬಂದವರನ್ನು ಅವಳು ಅಣ್ಣನ ಕುರಿ ಹೇಗಿವೆ ಎಂದಷ್ಟೇ ಕೇಳುತ್ತಿದ್ದಳು. ಎರಡು ವರ್ಷದಲ್ಲಿ ಮೂರು ಸತ್ತವು, ಆಮೇಲೆ ಒಂದೂ ಇಲ್ಲ. ಐದು ಮನೆಯ ಹಿಂಡುಗಳಲ್ಲಿ ಆ ಬ್ಯಾನಿ ಯಾವತ್ತೂ ಕಾಣಲಿಲ್ಲ.

ನಲವತ್ತೈದರ ವೈಶಾಖದಲ್ಲಿ ಮಾರೆಪ್ಪನ ಮಗಳು ಪಂಪಮ್ಮನ ಮದುವೆ ಗೊತ್ತಾಯಿತು. ಫಕೀರಮ್ಮ ಗಂಡನಿಗೆ ಹೇಳದೆ ಬಳೆಗಾರ್ತಿಯ ಕೈಯಲ್ಲಿ ಸುದ್ದಿ ಕಳಿಸಿದಳು: "ನೀ ಎತ್ತಿ ಆಡಿಸಿ ಬೆಳಸಿದ ಕೂಸು. ಬಾ." ಹುಲಿಗವ್ವ ಹೋಗಿ, ಚಪ್ಪರದ ಹೊರಗೆ, ಅಡಿಗೆಯ ಹೆಂಗಸರ ಜೊತೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಅರಿಷಿಣ ಹಚ್ಚುವ ಹೊತ್ತಾಯಿತು. ಮೊದಲು ಸೋದರತ್ತೆ ಹಚ್ಚಬೇಕು. ಹಿರಿಯರು ಯಾರು ಯಾರೆಂದು ಕೇಳುತ್ತಿದ್ದರು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಿಗವ್ವ ವಿಧವೆ ಬೇರೆ. ಯಾರೋ ದೂರದ ಸಂಬಂಧದ ಮುತ್ತೈದೆಯ ಹೆಸರು ಹೇಳಿದರು.

"ಹುಲಿಗಿ ಬಂದಾಳಲ್ಲ," ಎಂದ ಮಾರೆಪ್ಪ, ಯಾರ ಮುಖವನ್ನೂ ನೋಡದೆ. "ಅಲ್ಲೆ ಬಳ್ಳೊಳ್ಳಿ ಸುಲಿಯಾಕತ್ತಾಳ. ಕರೀರಿ."

ಅವಳು ಕೈ ತೊಳೆದುಕೊಂಡು ಬಂದು ಹುಡುಗಿಯ ಕೆನ್ನೆಗೆ ಅರಿಷಿಣ ಹಚ್ಚಿದಳು. ಹಿರಿಯನೊಬ್ಬ ಗೊಣಗಿದ್ದಕ್ಕೆ ಮಾರೆಪ್ಪ ತಿರುಗಿ ನೋಡಿದ, ಗೊಣಗಾಟ ನಿಂತಿತು.

ಮರುದಿನ ಅವಳು ಹೊರಟಾಗ ಅವನು ಊರ ಮುಂದಿನ ದಾರಿಯವರೆಗೆ ಜೊತೆಗೆ ನಡೆದು ಬಂದ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಎಂದ.

"ಹೋಗಲಿಲ್ಲಂದ್ರ ಇರಲಿ ಬಿಡು ಅಣ್ಣ."

"ಆ ಐದು ಮನಿಯವರು ಮದಿವಿಗೆ ಮನಿಗೊಂದು ಹೆಣ್ಣಮರಿ ಹೊಡಕೊಂಡು ಬಂದಾರ. ಹದಿನೆಂಟು ಕುರಿಯಾಕಿನೂ ಒಂದು ತಂದಾಳ. ನಾ ಬ್ಯಾಡ ಅಂದೆ. ಕೇಳಲಿಲ್ಲ." ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. "ದೀಪಾವಳಿಗೆ ಬಾ. ನಿಮ್ಮತ್ತಿಗಿ ದಾರಿ ನೋಡ್ತಾಳ."

"ಬರ್ತೀನಿ," ಎಂದಳು ಹುಲಿಗವ್ವ.

ಮಾರೆಪ್ಪ ಕುರಿಗಳಿಗೆ ನೀರು ಕುಡಿಸುವ ಹೊತ್ತಾಯಿತೆಂದು ತಿರುಗಿ ಹಳ್ಳದ ಕಡೆ ನಡೆದ. ಅವಳು ಕುಷ್ಟಗಿಯ ದಾರಿ ಹಿಡಿದಳು.